ಜೂನ್ ಮೂವತ್ತೊಂದರ ಬ್ರೇಕು

ನಲವತ್ತಾರು ವರ್ಷದ, ಕಿವಿಯ ಮೇಲೆಲ್ಲ ನರೆತ, ಓದುವ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡ ಮನುಷ್ಯನೊಬ್ಬನನ್ನು ‘ಇವರು ಎಲ್ಲರಿಗಿಂತ ಕಿರಿಯರು’ ಎಂದು ಪರಿಚಯಿಸಿದರೆ ಅದು ತಮಾಷೆಯಾಗಿರಬೇಕು, ಇಲ್ಲವೇ ಸೈನ್ಯವಾಗಿರಬೇಕು. ಉಗ್ರಾಣದ ಲೆಫ್ಟಿನೆಂಟನಿಗೆ ಎರಡರ ನಡುವಿನ ವ್ಯತ್ಯಾಸ ಇನ್ನೂ ಸರಿಯಾಗಿ ತಿಳಿದಿರಲಿಲ್ಲ. ಹದಿನೆಂಟಕ್ಕೆ ಸಿಪಾಯಿಯಾಗಿ ಸೇರಿ, ಕಂಬಳಿ, ಬಕೆಟ್ಟು, ಬೂಟಿನ ದಾರ ಎಣಿಸುತ್ತ ಇಪ್ಪತ್ತೇಳು ವರ್ಷ ಸವೆಸಿ, ಹೋದ ವರ್ಷವಷ್ಟೇ ಅವನು ಅಧಿಕಾರಿಯಾಗಿದ್ದ. ದಂಡಿನ ಗೇಟಿನೆದುರು ದರ್ಜಿ ಅಂಗಡಿ ಇಟ್ಟುಕೊಂಡಿದ್ದ ಹೆಂಡತಿಯೇ ಅವನ ಹೆಗಲಿಗೆ ನಕ್ಷತ್ರಗಳನ್ನು ಹೊಲಿದುಕೊಟ್ಟಳು. ಹೊಲಿಯುತ್ತ, ನಿಮಗೆ ನರೆ ಮೊದಲು ಬಂತು, ನಕ್ಷತ್ರ ಆಮೇಲೆ ಬಂತು ಎಂದಳು. ಅವನು ಹೌದು ಎಂದ.

ಹೌದು ಎನ್ನುವುದು ಅವನ ಕಸುಬಿನ ಇನ್ನೊಂದು ಭಾಗ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ‘ಹೌದಪ್ಪ’ ಎಂದು. ಅದು ಒಂದು ದಿನ ಅವನ ಕಿವಿಗೂ ಬಿತ್ತು. ಕೇಳಿ ಸ್ವಲ್ಪ ಹೊತ್ತು ಯೋಚಿಸಿ, ಅದಕ್ಕೂ ಹೌದೆಂದುಕೊಂಡ. ಸಭೆಗಳಲ್ಲಿ ಅವನದೊಂದು ಪದ್ಧತಿಯಿತ್ತು. ಮೊದಲು ದೊಡ್ಡವರೆಲ್ಲ ಮಾತಾಡಿ ಮುಗಿಸಲಿ, ಗಾಳಿ ಯಾವ ಕಡೆಗಿದೆ ನೋಡೋಣ, ಆಮೇಲೆ ಅದೇ ಕಡೆಗೆ ಗೋಣು ಹಾಕಿದರಾಯಿತು. ಇಷ್ಟು ವರ್ಷ ಕೋಲೆ ಬಸವನ ಹಾಗೆ ತಲೆಯಾಡಿಸಿ ತನ್ನ ಕತ್ತಿನ ಮೂಳೆ ಸವೆದಿರಬೇಕು ಎಂದು ಅವನೇ ಕನ್ನಡಿಯೆದುರು ಗಡ್ಡ ಹೆರೆದುಕೊಳ್ಳುವಾಗ ಅಂದುಕೊಳ್ಳುತ್ತಿದ್ದ.

ಮನೆಯಲ್ಲೂ ಇದೇ ರಾಗ. ಹೋದ ವರ್ಷ ಮಗಳಿಗೆ ದೂರದ ಊರಿನ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅದೇ ವಾರ ಊಟಕ್ಕೆ ಬಂದಿದ್ದ ಅವನ ಅಣ್ಣ, ಹೆಣ್ಣುಹುಡುಗಿ ಅಷ್ಟು ದೂರ ಹೋಗಿ ದನದ ಬಾಯಿಗೆ ಕೈ ಹಾಕುವ ವಿದ್ಯೆ ಕಲಿಯಬೇಕೇ ಎಂದ. ಮಗಳು ಅಪ್ಪನ ಮುಖ ನೋಡಿದಳು. ಹೆಂಡತಿಯೂ ನೋಡಿದಳು. ಅವನು ತಟ್ಟೆಯನ್ನು ನೋಡಿದ. ಅಣ್ಣ ಹೇಳುವುದೂ ಸರಿಯೇ ಎಂದು ತಟ್ಟೆಗೆ ಹೇಳಿದ. ಅಂದಿನಿಂದ ಮಗಳು ಅಮ್ಮನ ಅಂಗಡಿಯಲ್ಲಿ ಕೂತು ಸಮವಸ್ತ್ರಗಳಿಗೆ ಗುಂಡಿ ಹೊಲಿಯುತ್ತಿದ್ದಾಳೆ. ಅಪ್ಪನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಬೈದಿದ್ದರೆ ವಾಸಿಯಿತ್ತು, ಬೈಗುಳಕ್ಕೆ ಹೌದೆನ್ನುವುದು ಅವನಿಗೆ ಬಲು ಸುಲಭ.

ಇಂಥವನನ್ನು ಸೇನಾ ನ್ಯಾಯಾಲಯದ ಐವರು ಸದಸ್ಯರಲ್ಲಿ ಒಬ್ಬನನ್ನಾಗಿ ನೇಮಿಸಿ ಆದೇಶ ಬಂತು. ಮೊದಲು ಹೆಸರಿದ್ದವನು ಫುಟ್‌ಬಾಲ್ ಆಡಲು ಹೋಗಿ ಕಾಲು ಮುರಿದುಕೊಂಡಿದ್ದ. ಹೌದಪ್ಪ ಗಾಬರಿಯಾಗಲಿಲ್ಲ. ಐವರೆಂದರೆ ನಾಲ್ವರು ಮಾತಾಡುವವರು, ಒಬ್ಬ ತಲೆಯಾಡಿಸುವವನು ಎಂದು ಲೆಕ್ಕ ಹಾಕಿ ಇಸ್ತ್ರಿಯ ಅಂಗಿ ತೆಗೆದಿಟ್ಟ.

ಆರೋಪಿ ಒಬ್ಬ ಡ್ರೈವರು, ಹನ್ನೆರಡು ವರ್ಷದ ಸೇವೆಯವನು. ಜುಲೈ ಎರಡರಂದು, ಬೆಟ್ಟದ ಕೆಳಗಿನ ತರಬೇತಿ ಶಿಬಿರಕ್ಕೆ ನೀರಿನ ಟ್ಯಾಂಕರು ಒಯ್ಯಲು ಅವನ ಮೇಜರು ಅಪ್ಪಣೆ ಮಾಡಿದ್ದರು. ಬ್ರೇಕು ಸರಿಯಿಲ್ಲ, ಇಳಿಜಾರಿನಲ್ಲಿ ಗಾಡಿ ಇಳಿಸುವುದಿಲ್ಲ ಎಂದ ಡ್ರೈವರು ಕೀಲಿಯನ್ನು ಜೇಬಿಗೆ ಹಾಕಿಕೊಂಡು ಟ್ಯಾಂಕರಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಎರಡನೆಯ ಸಲ ಹೇಳಿದರೂ ಏಳಲಿಲ್ಲ. ಕೀಲಿ ಕಿತ್ತುಕೊಂಡು ಇನ್ನೊಬ್ಬ ಡ್ರೈವರಿಗೆ ಕೊಟ್ಟರು. ಅವನು ಟ್ಯಾಂಕರನ್ನು ಇಳಿಸಿ ಶಿಬಿರ ಮುಟ್ಟಿಸಿದ, ಯಾರ ಕೂದಲೂ ಕೊಂಕಲಿಲ್ಲ. ಹಾಗಾಗಿ ಅಪ್ಪಣೆ ಮೀರಿದ ಆರೋಪ. ಸಾಬೀತಾದರೆ ನೌಕರಿಯಿಂದ ವಜಾ, ಮೇಲೆ ಒಂದು ವರ್ಷ ಜೈಲು.

ವಿಚಾರಣೆಯ ಹಿಂದಿನ ದಿನ ಹೆಂಡತಿ, ಆ ಡ್ರೈವರು ಅಂಗಡಿಗೆ ಬಂದಿದ್ದ ಎಂದಳು. ಆರೋಪಿ ನ್ಯಾಯಾಲಯದೊಳಗೆ ಬೆಲ್ಟು, ಟೋಪಿ ಇಲ್ಲದೆ ನಿಲ್ಲಬೇಕು. ಮೂರು ತಿಂಗಳ ಚಿಂತೆಯಲ್ಲಿ ಸೊಂಟ ಇಳಿದುಹೋಗಿ, ಬೆಲ್ಟಿಲ್ಲದೆ ಪ್ಯಾಂಟು ನಿಲ್ಲುತ್ತಿಲ್ಲ, ಸ್ವಲ್ಪ ಹಿಡಿದುಕೊಡಿ ಎಂದು ಕೇಳಿದನಂತೆ. ಕೇಸಿನ ವಿಷಯ ಮನೆಯಲ್ಲಿ ಮಾತಾಡುವ ಹಾಗಿಲ್ಲ ಎಂದು ಹೌದಪ್ಪ ಕೈ ಅಡ್ಡ ಹಿಡಿದ.

“ನಾನು ಕೇಸಿನ ವಿಷಯ ಹೇಳ್ತಿಲ್ಲ, ಪ್ಯಾಂಟಿನ ವಿಷಯ ಹೇಳ್ತಿದೀನಿ,” ಎಂದಳು ಹೆಂಡತಿ. “ಎರಡೂವರೆ ಇಂಚು ಹಿಡಿದೆ. ನೀವು ಅಲ್ಲಿ ಹೋಗಿ ಬರೀ ಹೂಂಗುಟ್ಟಿ ಬರಬೇಡಿ, ಅಷ್ಟೇ.”

ಅವನು ಹೂಂ ಎಂದ.

ನ್ಯಾಯಾಲಯ ಎಂದರೆ ದಂಡಿನ ಪಾಠದ ಕೋಣೆ. ಉದ್ದ ಮೇಜಿನ ಮೇಲೆ ಹಸಿರು ಕಂಬಳಿ ಹಾಸಿದ್ದರು. ಆ ಕಂಬಳಿ ತನ್ನ ಉಗ್ರಾಣದ್ದೇ ಎಂದು ಮೂಲೆಯ ಸುಟ್ಟ ಗುರುತಿನಿಂದ ಹೌದಪ್ಪನಿಗೆ ತಕ್ಷಣ ಗೊತ್ತಾಯಿತು. ಗೋಡೆಯ ಕರಿಹಲಗೆಯಲ್ಲಿ ‘ಕೈ ತೊಳೆಯುವ ಆರು ಹಂತಗಳು’ ಎಂಬುದು ಅರ್ಧ ಅಳಿಸಿ ಉಳಿದಿತ್ತು. ನಡುವಿನ ಕುರ್ಚಿಯಲ್ಲಿ ನ್ಯಾಯಾಲಯದ ಅಧ್ಯಕ್ಷರಾದ ಕರ್ನಲ್ಲರು. ಅವರ ಬಲಕ್ಕೆ ಫಿರಂಗಿ ದಳದ ಲೆಫ್ಟಿನೆಂಟ್ ಕರ್ನಲ್, ಎಡಕ್ಕೆ ಸೇತುವೆ ಕಟ್ಟುವ ಮೇಜರು, ಆಚೆ ಇಪ್ಪತ್ತೆಂಟರ ಹರೆಯದ ಡಾಕ್ಟರಮ್ಮ, ಅವರು ಕ್ಯಾಪ್ಟನ್. ತುದಿಯಲ್ಲಿ ಇವನು. ಅಧ್ಯಕ್ಷರನ್ನು ಕಂಡರೆ ಇವನಿಗೆ ಇಪ್ಪತ್ತು ವರ್ಷದ ಹಳೆಯ ನಡುಕ. ಅವರು ಕ್ಯಾಪ್ಟನ್ ಆಗಿದ್ದಾಗ ತಿಂಗಳಿಗೊಮ್ಮೆ ಇವನ ಉಗ್ರಾಣದ ತಪಾಸಣೆಗೆ ಬರುತ್ತಿದ್ದರು. ಬಿಳಿ ಕೈಗವಸು ಹಾಕಿ ಕಪಾಟಿನ ಮೇಲೆ ಬೆರಳೆಳೆದು ಧೂಳು ನೋಡುವವರು.

ಎಲ್ಲರೂ ಎದ್ದು ನಿಂತು ಪ್ರಮಾಣ ಮಾಡಿದರು. ನ್ಯಾಯವಾಗಿ ನಡೆಯುತ್ತೇನೆ ಎಂಬುದು ಒಂದು ಭಾಗ. ಈ ಕೋಣೆಯಲ್ಲಿ ಯಾವ ಸದಸ್ಯ ಏನು ಅಭಿಪ್ರಾಯ ಕೊಟ್ಟ, ಯಾರ ಪರ ಮತ ಹಾಕಿದ ಎಂಬುದನ್ನು ಸಾಯುವವರೆಗೂ ಯಾರಿಗೂ ಹೇಳುವುದಿಲ್ಲ ಎಂಬುದು ಇನ್ನೊಂದು ಭಾಗ. ಎರಡನೆಯದು ಹೌದಪ್ಪನಿಗೆ ಬಹಳ ಹಿಡಿಸಿತು. ತಲೆಯಾಡಿಸಿದ್ದು ಹೊರಗೆ ಯಾರಿಗೂ ಗೊತ್ತಾಗುವುದಿಲ್ಲ, ಇಂಥ ಕಾನೂನು ಮನೆಯ ಊಟದ ಮೇಜಿಗೂ ಇದ್ದಿದ್ದರೆ ಎಂದುಕೊಂಡ.

ಆಮೇಲೆ ಸೈನ್ಯದ ಕಾನೂನು ಅಧಿಕಾರಿ ಎದ್ದು ನಡಾವಳಿಯನ್ನು ವಿವರಿಸಿದರು. ಕೊನೆಯಲ್ಲಿ ಸದಸ್ಯರು ಒಬ್ಬೊಬ್ಬರಾಗಿ ಅಭಿಪ್ರಾಯ ಹೇಳಬೇಕು. ಆದರೆ ಹಿರಿಯರು ಮೊದಲು ಹೇಳಿದರೆ ಕಿರಿಯರು ಹೆದರಿ ಅದನ್ನೇ ಹೇಳುತ್ತಾರೆ. ಅದಕ್ಕೇ ಎಲ್ಲರಿಗಿಂತ ಕಿರಿಯ ಸದಸ್ಯರಿಂದ ಆರಂಭ, ಅಧ್ಯಕ್ಷರದು ಕೊನೆಗೆ. ಯಾರೋ ತನ್ನಂಥವನನ್ನು ನೋಡಿಯೇ ಈ ನಿಯಮ ಮಾಡಿರಬೇಕು ಎಂದು ಹೌದಪ್ಪ ಒಳಗೊಳಗೇ ನಕ್ಕ. ಪಾಪ, ಹುಡುಗಿ ಸಿಕ್ಕಿಬಿದ್ದಳು ಎಂದು ಡಾಕ್ಟರಮ್ಮನ ಕಡೆ ಕರುಣೆಯಿಂದ ತಿರುಗಿದ. ಡಾಕ್ಟರಮ್ಮ ಅಷ್ಟೇ ಕರುಣೆಯಿಂದ ಅವನನ್ನು ನೋಡುತ್ತಿದ್ದರು. ಅಧ್ಯಕ್ಷರೂ ನೋಡುತ್ತಿದ್ದರು. ಕಿರಿತನ ಎಂದರೆ ವಯಸ್ಸಲ್ಲ, ನಕ್ಷತ್ರ ಬಂದ ತಾರೀಕು ಎಂಬುದು ಆಗ ಅವನ ತಲೆಗೆ ಹೊಳೆಯಿತು.

ವಿಚಾರಣೆ ಎರಡು ದಿನ ನಡೆಯಿತು. ಆರೋಪಿಯ ಮೇಜರು ಬಂದು ತಾವು ಅಪ್ಪಣೆ ಮಾಡಿದ್ದನ್ನು ಹೇಳಿದರು. ವಾಹನ ವಿಭಾಗದ ಹವಾಲ್ದಾರ ಬಂದು, ಪ್ರತಿದಿನ ಬೆಳಿಗ್ಗೆ ಪ್ರತಿ ಗಾಡಿಯ ಬ್ರೇಕನ್ನು ತಾನೇ ಖುದ್ದಾಗಿ ತುಳಿದು ನೋಡುತ್ತೇನೆ, ಒಂದು ದಿನವೂ ತಪ್ಪಿಸಿಲ್ಲ ಎಂದು ಎದೆ ಸೆಟೆಸಿ ಹೇಳಿ ಜೂನ್, ಜುಲೈ ತಿಂಗಳ ತಪಾಸಣಾ ಹಾಳೆಗಳನ್ನು ಹಾಜರುಪಡಿಸಿದ. ಟ್ಯಾಂಕರು ಇಳಿಸಿದ ಎರಡನೆಯ ಡ್ರೈವರು, ಹತ್ತು ನಲವತ್ತಕ್ಕೆ ಗೇಟು ದಾಟಿದೆ, ಹನ್ನೆರಡು ಇಪ್ಪತ್ತಕ್ಕೆ ಶಿಬಿರ ಮುಟ್ಟಿದೆ, ಏನೂ ತೊಂದರೆಯಾಗಲಿಲ್ಲ ಎಂದು ನೆಲ ನೋಡಿಕೊಂಡು ಹೇಳಿ ಹೋದ. ಬ್ರೇಕನ್ನೇ ಬಿಚ್ಚಿ ನೋಡೋಣವೆಂದರೆ, ಘಟನೆಯಾದ ನಾಲ್ಕನೇ ದಿನವೇ ಟ್ಯಾಂಕರು ವಾರ್ಷಿಕ ರಿಪೇರಿಗೆ ಹೋಗಿ ಹಳೆಯ ಬ್ರೇಕು ಗುಜರಿ ಸೇರಿತ್ತು.

ಆರೋಪಿ ತನ್ನ ಸರದಿ ಬಂದಾಗ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡೇ ಎದ್ದ. ಪ್ಯಾಂಟು ಈಗ ಸರಿಯಾಗಿಯೇ ಕೂತಿತ್ತು, ಮೂರು ತಿಂಗಳ ಅಭ್ಯಾಸ ಕೈ ಬಿಟ್ಟಿರಲಿಲ್ಲ. ಹವಾಲ್ದಾರನಿಗೆ ಮೂರು ಸಲ ಹೇಳಿದ್ದೆ, ನೋಡೋಣ ನೋಡೋಣ ಎಂದ, ಬರೆದುಕೊಡುವ ಬುದ್ಧಿ ನನಗೆ ಬರಲಿಲ್ಲ ಎಂದ. ಅಷ್ಟು ಹಟ ಯಾಕೆ ಮಾಡಿದೆ, ಇನ್ನೊಬ್ಬ ಇಳಿಸಲಿಲ್ಲವೇ ಎಂದು ಕೇಳಿದರು.

“ಇಳಿಜಾರಲ್ಲಿ ಗಾಡಿ ಒಂದೇ ಅಲ್ಲ ಸರ್, ಒಳಗಿನ ನೀರೂ ಮುಂದಕ್ಕೆ ನೂಕುತ್ತೆ,” ಎಂದ ಡ್ರೈವರು. “ಇಳಿಜಾರು ಮುಗಿಯೋ ಕಡೆ ಬಸ್ ನಿಲ್ದಾಣ ಇದೆ. ಹತ್ತು ಗಂಟೆಗೆ ಅಲ್ಲಿ ತುಂಬಾ ಜನ ಇರ್ತಾರೆ.”

ಎರಡನೆಯ ದಿನದ ಮಧ್ಯಾಹ್ನ ಕಾನೂನು ಅಧಿಕಾರಿ ಎಲ್ಲವನ್ನೂ ಒಂದೇ ಪ್ರಶ್ನೆಗೆ ತಂದು ನಿಲ್ಲಿಸಿದರು. ಬ್ರೇಕು ಕೆಟ್ಟ ಗಾಡಿಯನ್ನು ಡ್ರೈವರು ರಸ್ತೆಗೆ ಇಳಿಸಲೇಕೂಡದು ಎಂಬುದು ಸೈನ್ಯದ್ದೇ ನಿಯಮ. ಬ್ರೇಕು ಕೆಟ್ಟಿತ್ತು ಎಂದು ಅವನು ನಂಬಲು ಕಾರಣವಿದ್ದರೆ ಅವನು ನಿರ್ದೋಷಿ, ಇಲ್ಲದಿದ್ದರೆ ಅಪರಾಧಿ. ಬ್ರೇಕು ಹೇಗಿತ್ತು ಎಂದು ಹೇಳಲು ಈಗ ಉಳಿದಿರುವುದು ಆ ತಪಾಸಣಾ ಹಾಳೆಗಳು. ಇಷ್ಟು ಹೇಳಿ ಅವರು ಹೊರಗೆ ಹೋದರು. ಆರೋಪಿಯನ್ನೂ ಉಳಿದವರನ್ನೂ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಕೋಣೆಯಲ್ಲಿ ಐವರು, ಒಂದು ಟೇಬಲ್ ಫ್ಯಾನು.

“ಕಿರಿಯ ಸದಸ್ಯರೇ, ನಿಮ್ಮ ಅಭಿಪ್ರಾಯ?” ಎಂದರು ಅಧ್ಯಕ್ಷರು.

ಹೌದಪ್ಪ ಹಿಂದಿನ ರಾತ್ರಿಯೆಲ್ಲ ಕೂತು ಒಂದು ಉತ್ತರ ತಯಾರು ಮಾಡಿಕೊಂಡಿದ್ದ. ಎರಡೂ ಕಡೆಯವರ ಮಾತಿನಲ್ಲಿ ಸತ್ಯಾಂಶವಿದೆ ಎನಿಸುತ್ತದೆ, ಹಿರಿಯರು ಮಾರ್ಗದರ್ಶನ ಮಾಡಬೇಕು ಎಂಬ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಒಳ್ಳೆಯ ಉತ್ತರ. ಅದನ್ನು ಹೇಳಿದ. ಅಧ್ಯಕ್ಷರು ತಾಳ್ಮೆಯಿಂದ ಕೇಳಿ, ಇಲ್ಲಿರುವುದು ಎರಡೇ ಪದ, ಒಂದನ್ನು ಆರಿಸಿಕೊಳ್ಳಿ ಎಂದರು. ಅವನು ಗಾಳಿ ನೋಡಲು ನಾಲ್ಕೂ ಮುಖಗಳನ್ನು ನೋಡಿದ. ಯಾವ ಮುಖದಲ್ಲೂ ಏನೂ ಬರೆದಿರಲಿಲ್ಲ. ಕೋಣೆಯಲ್ಲಿ ಬೀಸುತ್ತಿದ್ದ ಗಾಳಿಯೆಂದರೆ ಟೇಬಲ್ ಫ್ಯಾನಿನದು, ಅದು ಎಲ್ಲರ ಕಡೆಗೂ ಒಂದೊಂದು ಸಲ ತಿರುಗುತ್ತಿತ್ತು. ಅಪರಾಧಿ ಎನ್ನುವುದೇ ಸುಲಭ, ಸೈನ್ಯದಲ್ಲಿ ಅಪ್ಪಣೆಯ ಪರ ನಿಂತು ಯಾರೂ ಕೆಟ್ಟಿಲ್ಲ ಎಂದು ನಾಲಿಗೆಯನ್ನು ಆ ಪದಕ್ಕೆ ಹೊಂದಿಸಿಕೊಂಡ. ಅಷ್ಟರಲ್ಲಿ ಎರಡೂವರೆ ಇಂಚು ನೆನಪಾಯಿತು. ಇನ್ನೊಂದು ಎರಡು ನಿಮಿಷ ತಳ್ಳಿದರೆ ಏನಾದರೂ ಆಗಬಹುದು ಎಂದು, ತಪಾಸಣಾ ಹಾಳೆಗಳನ್ನು ಒಮ್ಮೆ ನೋಡಬಹುದೇ ಎಂದು ಕೇಳಿದ.

ಜೂನ್ ತಿಂಗಳ ಹಾಳೆ ಕೈಗೆ ಬಂತು. ಕನ್ನಡಕ ಏರಿಸಿದ. ಉದ್ದಕ್ಕೆ ಬ್ರೇಕು, ಟೈರು, ದೀಪ ಎಂದು ಸಾಲುಗಳು, ಅಡ್ಡಕ್ಕೆ ತಾರೀಕುಗಳ ಮನೆಗಳು, ಪ್ರತಿ ಮನೆಯಲ್ಲೂ ಒಂದು ಸರಿ ಗುರುತು, ಕೆಳಗೆ ಹವಾಲ್ದಾರನ ಚಿಕ್ಕ ಸಹಿ. ನೋಡುತ್ತಿದ್ದ ಹಾಗೆ ಹೌದಪ್ಪನಿಗೆ ಹಳೆಯ ಗೆಳೆಯನನ್ನು ಕಂಡಷ್ಟು ಆನಂದವಾಯಿತು. ಎಂಥ ಕೈಚಳಕ. ಎರಡು ದಿನ ನೀಲಿ ಶಾಯಿ, ಮೂರನೇ ದಿನ ಕಪ್ಪು. ವಾರಕ್ಕೊಮ್ಮೆ ಗುರುತು ಸ್ವಲ್ಪ ಓರೆ. ಒಂದು ಕಡೆ ಬೇಕೆಂದೇ ಶಾಯಿ ಚೆಲ್ಲಿದ ಚುಕ್ಕೆ. ಇಡೀ ತಿಂಗಳನ್ನು ಒಂದೇ ಏಟಿಗೆ ಕೂತು ತುಂಬಿದ್ದು, ಬೇರೆ ಬೇರೆ ದಿನ ತುಂಬಿದ ಹಾಗೆ ಕಾಣಬೇಕೆಂದರೆ ಹೀಗೇ ಮಾಡಬೇಕು. ಅವನಿಗೆ ಗೊತ್ತು. ಹದಿನೆಂಟು ವರ್ಷ ಅವನೂ ಅದನ್ನೇ ಮಾಡಿದ್ದ, ಅವನ ಬಳಿ ಮೂರು ಪೆನ್ನು ಇರುತ್ತಿದ್ದವು.

ಸಾಲಿನ ಮೇಲೆ ಬೆರಳಿಟ್ಟು ಕೊನೆಯವರೆಗೆ ಹೋದ. ಕೊನೆಯ ಮನೆಯಲ್ಲಿ ಬೆರಳು ನಿಂತಿತು. ಮೂವತ್ತೊಂದು. ಸರಿ ಗುರುತು, ಸಹಿ, ನೀಲಿ ಶಾಯಿ. ಹೌದಪ್ಪ ಎಡಗೈಯನ್ನು ಮೇಜಿನ ಕೆಳಗೆ ಮುಷ್ಟಿ ಮಾಡಿ, ಬಲ ಬೆರಳಿನಿಂದ ಗೆಣ್ಣು ಎಣಿಸಿದ. ಜನವರಿ ಗೆಣ್ಣು, ಫೆಬ್ರವರಿ ಹಳ್ಳ, ಮಾರ್ಚ್ ಗೆಣ್ಣು. ಜೂನ್ ಹಳ್ಳಕ್ಕೆ ಬಂತು, ಹಳ್ಳದ ತಿಂಗಳಿಗೆ ಮೂವತ್ತೊಂದಿಲ್ಲ. ನಂಬಿಕೆಯಾಗದೆ ಮತ್ತೊಮ್ಮೆ ಎಣಿಸಿದ. ಜೂನ್ ಮತ್ತೆ ಹಳ್ಳದಲ್ಲೇ ಇತ್ತು.

“ಏನು ಮಾಡ್ತಿದೀರಿ ಕೆಳಗೆ?” ಎಂದರು ಅಧ್ಯಕ್ಷರು.

“ತಿಂಗಳು ಎಣಿಸ್ತಿದೀನಿ ಸರ್,” ಎಂದ. ಇನ್ನು ಬಾಯಿ ಮುಚ್ಚಿಕೊಳ್ಳಲು ದಾರಿಯೇ ಇರಲಿಲ್ಲ. “ಜೂನ್ ಮೂವತ್ತೊಂದನೇ ತಾರೀಕು ಈ ಟ್ಯಾಂಕರಿನ ಬ್ರೇಕು ಸರಿಯಾಗಿತ್ತು ಅಂತ ಬರೆದಿದೆ.”

ಹಾಳೆ ಕೈಯಿಂದ ಕೈಗೆ ಹೋಯಿತು. ಫಿರಂಗಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಬೆಳಕಿನಲ್ಲೂ ಅದು ಮೂವತ್ತೊಂದೇ. ಕೈತಪ್ಪಿನಿಂದ ಒಂದು ಮನೆ ಹೆಚ್ಚು ತುಂಬಿರಬಹುದು, ಅಷ್ಟಕ್ಕೇ ಇಡೀ ಹಾಳೆ ಸುಳ್ಳೆಂದು ಹೇಗೆ ಹೇಳುತ್ತೀರಿ ಎಂದು ಸೇತುವೆಯ ಮೇಜರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರವೂ ಹೌದಪ್ಪನಿಗೆ ಗೊತ್ತಿತ್ತು, ಅದನ್ನು ಹೇಳಿದರೆ ತನ್ನ ಮಾನ ತಾನೇ ಕಳೆದುಕೊಂಡ ಹಾಗೆ ಎಂಬುದೂ ಗೊತ್ತಿತ್ತು. ಕಳೆಯಲು ಅದೇನು ಮೂಟೆಗಟ್ಟಲೆ ಇದೆಯೇ ಎಂದು ತನ್ನನ್ನೇ ಕೇಳಿಕೊಂಡು ಎದ್ದು ನಿಂತ. ಎದ್ದು ನಿಲ್ಲಬೇಕಿರಲಿಲ್ಲ, ಕಾಲುಗಳು ತಾವಾಗಿಯೇ ಎದ್ದವು.

“ಪ್ರತಿದಿನ ಗಾಡಿ ಹತ್ರ ಹೋಗಿ ತುಂಬೋನಿಗೆ ಈ ತಪ್ಪು ಆಗಲ್ಲ ಸರ್,” ಎಂದ. “ಮೂವತ್ತರ ಮಾರನೇ ದಿನ ಅವನಿಗೆ ಇವತ್ತು ಒಂದನೇ ತಾರೀಕು ಅಂತ ಗೊತ್ತಿರುತ್ತೆ. ಕುರ್ಚಿ ಮೇಲೆ ಕೂತು ಒಂದೇ ಸಲಕ್ಕೆ ಮನೆ ತುಂಬೋನಿಗೆ ಮಾತ್ರ ಆಗುತ್ತೆ. ನನಗೆ ಆಗಿತ್ತು. ಬೆಂಕಿ ಆರಿಸೋ ಮರಳಿನ ಬಕೆಟ್ಟಿನ ಪುಸ್ತಕದಲ್ಲಿ ನಾನು ಫೆಬ್ರವರಿ ಮೂವತ್ತರ ತನಕ ತುಂಬಿದ್ದೆ. ಬಕೆಟ್ಟು ಇದ್ದ ಕಡೆಗೆ ಆ ತಿಂಗಳು ನಾನು ಹೋಗೇ ಇರಲಿಲ್ಲ.”

ಯಾರೂ ನಗಲಿಲ್ಲ. ಅವನಿಗೆ ಒಬ್ಬರಾದರೂ ನಕ್ಕಿದ್ದರೆ ಚೆನ್ನಾಗಿತ್ತು ಎನಿಸಿತು.

“ಹಾಗಾದರೆ ನಿಮ್ಮ ಪದ?”

“ನಿರ್ದೋಷಿ ಸರ್.”

ಬಾಯಿಂದ ಬಂದ ಆ ಪದ ತನ್ನದೇ ದನಿಯಲ್ಲಿತ್ತು ಎಂಬುದು ಅವನಿಗೇ ಆಶ್ಚರ್ಯ. ಕೂತುಕೊಂಡ. ಅಂಗಿಯ ಬೆನ್ನು ಒದ್ದೆಯಾಗಿ ಕುರ್ಚಿಗೆ ಅಂಟಿತು.

ಮುಂದಿನ ಸರದಿ ಡಾಕ್ಟರಮ್ಮನದು. ನಿನ್ನೆಯಿಂದ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು, ಗಾಡಿಯ ವಿಷಯದಲ್ಲಿ ನಾನು ಮೂಗು ತೂರಿಸುವುದು ಹೇಗೆಂದು ಸುಮ್ಮನಿದ್ದೆ ಎಂದರು. ಗೇಟಿನಿಂದ ಶಿಬಿರಕ್ಕೆ ನಾಲ್ಕೇ ಕಿಲೋಮೀಟರು. ಎರಡನೆಯ ಡ್ರೈವರು ಅದಕ್ಕೆ ನೂರು ನಿಮಿಷ ತೆಗೆದುಕೊಂಡಿದ್ದಾನೆ. ತುಂಬು ಗರ್ಭಿಣಿ ನಡೆದುಕೊಂಡು ಹೋದರೂ ಅದಕ್ಕಿಂತ ಬೇಗ ಮುಟ್ಟುತ್ತಾಳೆ. ಬ್ರೇಕು ಸರಿಯಿದ್ದವನು ಯಾಕೆ ಹಾಗೆ ತೆವಳುತ್ತ ಇಳಿಯುತ್ತಾನೆ? ಅವರದೂ ನಿರ್ದೋಷಿ.

ಸೇತುವೆಯ ಮೇಜರು ಹಾಳೆಯನ್ನು ಮತ್ತೊಮ್ಮೆ ನೋಡಿ, ಬರವಣಿಗೆ ಸುಳ್ಳಿರಬಹುದು, ಆದರೂ ಅಪ್ಪಣೆ ಅಪ್ಪಣೆಯೇ, ಕೀಲಿ ಜೇಬಿಗೆ ಹಾಕುವ ಬದಲು ಅವನು ಮೇಲಿನವರಿಗೆ ದೂರು ಕೊಡಬಹುದಿತ್ತು ಎಂದರು. ಅಪರಾಧಿ. ಫಿರಂಗಿಯವರು ಕೋಣೆ ತುಂಬುವ ದನಿಯಲ್ಲಿ, ಹೀಗೆ ಕೂತಲ್ಲೇ ತುಂಬದ ಪುಸ್ತಕ ಯಾವ ದಂಡಿನಲ್ಲಿದೆ ತೋರಿಸಿ, ಅಂದಮಾತ್ರಕ್ಕೆ ಎಲ್ಲ ಗಾಡಿಗಳ ಬ್ರೇಕೂ ಕೆಟ್ಟಿದೆಯೇ ಎಂದರು. ಅಪರಾಧಿ. ಇಬ್ಬರ ಮಾತೂ ಹೌದಪ್ಪನಿಗೆ ಸರಿಯೆನಿಸತೊಡಗಿತು. ಯಾರ ಮಾತು ಕೇಳಿದರೂ ಅವನಿಗೆ ಅದು ಸರಿಯೆನಿಸುತ್ತಿತ್ತು, ಅದೇ ಅವನ ರೋಗ. ಮೊದಲೇ ಹೇಳಿ ಮುಗಿಸಿದ್ದು ಎಷ್ಟು ಒಳ್ಳೆಯದಾಯಿತು ಎಂದು ಆಗ ಅರ್ಥವಾಯಿತು.

ಎರಡಕ್ಕೆರಡು. ಉಳಿದವರು ಅಧ್ಯಕ್ಷರೊಬ್ಬರು. ಅವರು ಹೌದಪ್ಪನ ಕಡೆ ತಿರುಗಿ, ಆ ಬಕೆಟ್ಟಿನ ಪುಸ್ತಕ ಯಾವ ವರ್ಷದ್ದು ಎಂದು ಕೇಳಿದರು. ಇವನು ವರ್ಷ ಹೇಳಿದ.

“ತಿಂಗಳ ಕೊನೆಗೆ ಆ ಪುಟಕ್ಕೆ ತಪಾಸಣೆ ಮಾಡಿದ ಅಧಿಕಾರಿಯ ಸಹಿ ಬೀಳಬೇಕಲ್ಲ. ಬಿದ್ದಿತ್ತೇ?”

“ಬಿದ್ದಿತ್ತು ಸರ್.”

“ಯಾರದ್ದು?”

ನೆನಪಿಲ್ಲ ಎನ್ನಬಹುದಿತ್ತು. ಇಪ್ಪತ್ತು ವರ್ಷದ ಹಿಂದಿನ ಸಹಿ, ನೆನಪಿಲ್ಲ ಎಂದರೆ ಯಾರು ಕೇಳುತ್ತಾರೆ. ಇಂಥ ಸಮಯಕ್ಕೆಂದೇ ಅವನು ಜೀವನವಿಡೀ ಸಾಕಿಕೊಂಡು ಬಂದ ಮರೆವು ಬಾಗಿಲಲ್ಲೇ ನಿಂತಿತ್ತು. ಬಿಳಿ ಕೈಗವಸು ಕಣ್ಣ ಮುಂದೆ ಬಂತು. ಈಗ ಸುಳ್ಳು ಹೇಳಿದರೆ ಇಷ್ಟು ಹೊತ್ತು ಹೇಳಿದ್ದೂ ನೀರುಪಾಲು, ಆಚೆ ಸೊಂಟ ಹಿಡಿದು ನಿಂತವನೂ ನೀರುಪಾಲು ಎಂದು ತಿಳಿಯಿತು.

“ತಮ್ಮದೇ ಸರ್,” ಎಂದ.

ಫಿರಂಗಿಯವರು ಕೆಮ್ಮಿದರು. ಅಧ್ಯಕ್ಷರು ಜೂನ್ ತಿಂಗಳ ಹಾಳೆಯನ್ನು ತಮ್ಮ ಮುಂದೆ ಎಳೆದುಕೊಂಡು ಕೊನೆಯ ಮನೆಯ ಮೇಲೆ ಬೆರಳಿಟ್ಟರು. ಹಿಂದೆ ಕಪಾಟಿನ ಧೂಳು ನೋಡುತ್ತಿದ್ದ ಅದೇ ಬೆರಳು.

“ಹೌದು,” ಎಂದರು. “ಧೂಳು ನೋಡ್ತಿದ್ದೆ. ಪುಸ್ತಕ ನೋಡದೆ ಸಹಿ ಹಾಕ್ತಿದ್ದೆ.” ಹಾಳೆಯನ್ನು ಪಕ್ಕಕ್ಕೆ ಸರಿಸಿ, “ನಿರ್ದೋಷಿ. ಬಾಗಿಲು ತೆಗೆಸಿ,” ಎಂದರು.

ಡ್ರೈವರನ್ನು ಒಳಗೆ ಕರೆಸಿ ತೀರ್ಪು ಓದಿದರು. ಅವನಿಗೆ ಬೆಲ್ಟೂ ಟೋಪಿಯೂ ಅಲ್ಲೇ ವಾಪಸು ಸಿಕ್ಕಿತು. ಬೆಲ್ಟು ಕಟ್ಟಿಕೊಳ್ಳುವಾಗ ತೂತು ಸಿಗದೆ ಒದ್ದಾಡಿದ. ಹೌದಪ್ಪನಿಗೆ ಕಣ್ಣಲ್ಲಿ ನೀರು ಬಂತು. ಕನ್ನಡಕ ಒರೆಸುವ ನೆಪ ಮಾಡಿದ. ನಲವತ್ತಾರು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಘನಕಾರ್ಯ ಇದು ಎಂಬ ಹೆಮ್ಮೆ ಎದೆಯಲ್ಲಿ ಉಬ್ಬಿ, ಯಾರಿಗೆ ಮೊದಲು ಹೇಳಲಿ ಎನ್ನುವಷ್ಟರಲ್ಲಿ ಪ್ರಮಾಣ ನೆನಪಾಯಿತು. ಸಾಯುವವರೆಗೂ ಯಾರಿಗೂ ಹೇಳುವ ಹಾಗಿಲ್ಲ. ತನಗೆ ಬಹಳ ಹಿಡಿಸಿದ್ದ ಆ ಎರಡನೆಯ ಭಾಗ.

ಹೊರಗೆ ಜಗಲಿಯಲ್ಲಿ ಡ್ರೈವರು ಅಧ್ಯಕ್ಷರಿಗೆ ಸೆಲ್ಯೂಟು ಹೊಡೆದ. ಅವರು ತಲೆಯಾಡಿಸಿ ಮುಂದೆ ಹೋದರು. ಡ್ರೈವರು ಆಮೇಲೆ ಹೌದಪ್ಪನ ಬಳಿಗೂ ಬಂದ.

“ನಿಮಗೂ ಥ್ಯಾಂಕ್ಸ್ ಸರ್,” ಎಂದ. “ದೊಡ್ಡವರು ಬಿಟ್ಟುಬಿಡೋಣ ಅಂದಾಗ ನೀವೂ ಬೇಡ ಅನ್ನಲಿಲ್ಲವಲ್ಲ.”

ಅವನ ಮುಖದಲ್ಲಿ ವ್ಯಂಗ್ಯ ಎಳ್ಳಷ್ಟೂ ಇರಲಿಲ್ಲ, ಅದೇ ಕಷ್ಟ. ಹೌದಪ್ಪ ಅವನ ಭುಜ ತಟ್ಟಿ ನಡೆದ. ಕ್ಯಾಂಟೀನಿನ ಮುಂದೆ ಹಾದುಹೋಗುವಾಗ ಒಳಗೆ ಅಧ್ಯಕ್ಷರ ದೊಡ್ಡತನದ ಗುಣಗಾನ ನಡೆಯುತ್ತ ಇತ್ತು. ಹೌದಪ್ಪನೂ ಇದ್ದ ಕಣೋ ಒಳಗೆ ಎಂದು ಒಬ್ಬ ಅಂದ, ಇದ್ದರೆ ಏನಂತೆ ಎಂದು ಇನ್ನೊಬ್ಬ ನಕ್ಕ. ಇವನು ಕಿಟಕಿಯ ಹೊರಗೆ ನಿಂತು ಅದನ್ನು ಪೂರ್ತಿ ಕೇಳಿಸಿಕೊಂಡ. ಇಷ್ಟು ವರ್ಷ ನಿಜವಾಗಿದ್ದ ಮಾತು ಇವತ್ತೊಂದು ದಿನ ಸುಳ್ಳಾಯಿತು, ಅದನ್ನು ಸುಳ್ಳೆಂದು ಹೇಳಲು ಬಾಯಿಗೆ ಬೀಗ. ಎಂಥ ಹಣೆಬರಹವಪ್ಪ ನಿನ್ನದು ಎಂದು ತನಗೇ ಹೇಳಿಕೊಂಡ, ನಗುವೂ ಬಂತು.

ಸುದ್ದಿ ಅವನಿಗಿಂತ ಮೊದಲೇ ಗೇಟು ದಾಟಿ ದರ್ಜಿ ಅಂಗಡಿ ಸೇರಿತ್ತು. ಸಂಜೆಯ ಬಿಸಿಲು ಅಂಗಡಿಯ ಹೊಸ್ತಿಲಿನವರೆಗೆ ಬಂದಿತ್ತು. ಹೆಂಡತಿ ಯಂತ್ರ ತುಳಿಯುತ್ತಿದ್ದಳು, ಮಗಳು ಗೋಡೆಗೊರಗಿ ಗುಂಡಿ ಹೊಲಿಯುತ್ತಿದ್ದಳು. ಅವನು ಸ್ಟೂಲಿನ ಮೇಲೆ ಕೂತು ಬೂಟಿನ ದಾರ ಸಡಿಲಿಸಿದ.

“ಬಿಟ್ಟರಂತಲ್ಲ ಆ ಡ್ರೈವರನ್ನ,” ಎಂದಳು ಹೆಂಡತಿ, ಬಟ್ಟೆಯಿಂದ ಕಣ್ಣೆತ್ತದೆ. “ಕರ್ನಲ್ಲರು ದೊಡ್ಡ ಮನುಷ್ಯರು. ನೀವು ಏನಂದ್ರಿ? ಎಂದಿನ ಹಾಗೆ ಹೂಂ?”

ಎದೆಯೊಳಗಿನದೆಲ್ಲ ನಾಲಿಗೆಯ ತುದಿಗೆ ಬಂತು. ಜೂನ್ ಮೂವತ್ತೊಂದು, ಗೆಣ್ಣು, ಬಕೆಟ್ಟು, ತಮ್ಮದೇ ಸರ್. ಲೋಕದಲ್ಲಿ ಯಾರ ಮುಂದೆ ಇದನ್ನು ಹೇಳಬೇಕೆಂದಿತ್ತೋ ಆ ಇಬ್ಬರು ಎರಡು ಮೊಳ ದೂರದಲ್ಲಿ ಕೂತಿದ್ದರು.

“ಹೂಂ,” ಎಂದ.

ಮಗಳು ಮೂಗಿನಲ್ಲೇ ನಕ್ಕಳು. ಅವನು ಬೂಟಿನ ದಾರವನ್ನು ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ.

“ಆ ದನದ ಡಾಕ್ಟರ ಕಾಲೇಜು,” ಎಂದ. “ಈ ವರ್ಷವೂ ಅರ್ಜಿ ಕರೀತಾರಲ್ಲ?”

ಯಂತ್ರ ನಿಂತಿತು. ಹೆಂಡತಿ ಈಗ ಕಣ್ಣೆತ್ತಿ ಅವನನ್ನು ನೋಡಿ, ಕರೆದಿದ್ದಾರೆ, ಇನ್ನು ಹತ್ತು ದಿನ ಇದೆ ಎಂದಳು. ಆಮೇಲೆ ಕೇಳಿದಳು, “ನಿಮ್ಮ ಅಣ್ಣನ್ನ ಕೇಳಿದ್ರಾ?”

“ಅವನು ಹಿರಿಯ,” ಎಂದ ಹೌದಪ್ಪ. “ಅವನನ್ನ ಕೊನೆಗೆ ಕೇಳೋದು.” ಮಗಳ ಕಡೆ ತಿರುಗಿದ. “ಮನೇಲಿ ಎಲ್ಲರಿಗಿಂತ ಚಿಕ್ಕವಳು ನೀನು. ಮೊದಲು ನೀನು ಹೇಳಬೇಕು. ನನ್ನ ಮುಖ ನೋಡಬೇಡ, ಅಲ್ಲಿ ಏನೂ ಬರೆದಿರಲ್ಲ.”

ಮಗಳು ಆದರೂ ನೋಡಿದಳು. ಅವನು ಈ ಸಲ ತಟ್ಟೆಯನ್ನೂ ನೆಲವನ್ನೂ ನೋಡದೆ ಅವಳನ್ನೇ ನೋಡುತ್ತ ಕೂತ. ಅವಳು ಹೊಲಿಯುತ್ತಿದ್ದ ಅಂಗಿಯನ್ನು ಮಡಿಲಿನಿಂದ ತೆಗೆದು, ಸೂಜಿಯನ್ನು ದಾರದುಂಡೆಗೆ ಚುಚ್ಚಿ ಪಕ್ಕಕ್ಕಿಟ್ಟಳು.

“ಹೋಗ್ತೀನಿ,” ಎಂದಳು.

ಎರಡನೆಯ ಸರದಿ ಹೆಂಡತಿಯದು. ಅವಳು ಹೋಗಲಿ ಎಂದು ಹೋದ ವರ್ಷವೇ ಹೇಳಿ ಆಗಿತ್ತು. ಆಮೇಲೆ ಅವನದು ಬಂತು.